ಕೂಸಿನ ಲೆಕ್ಕ ಯಾರ ಪುಸ್ತಕದಲ್ಲಿ? ಪುಣೆಯ ದುಡಿಯುವ ತಾಯಂದಿರು ಮತ್ತು ಸರ್ಕಾರಿ ಪಾಳಣಾಘರದ ಬೇಡಿಕೆ

ಪುಣೆಯ ಹಿಂಜವಡಿಯಲ್ಲಿ ಒಂದು ಕಾಂಪೌಂಡ್ ಗೋಡೆಯ ಎರಡೂ ಬದಿಗಳನ್ನು ನೋಡಿದರೆ ನಮ್ಮ ದೇಶದ ಶಿಶುಪಾಲನಾ ನೀತಿಯ ಅರ್ಧ ಭಾಗ ಅಲ್ಲಿಯೇ ಅರ್ಥವಾಗುತ್ತದೆ. ಒಂದು ಬದಿಗೆ ಕಟ್ಟಿ ಮುಗಿದ ಗಾಜಿನ ಕಟ್ಟಡವಿದ್ದು, ಅದರೊಳಗಿನ ಕಂಪನಿಯಲ್ಲಿ ಐವತ್ತು ಮಂದಿ ನೌಕರರಿದ್ದರೆ ಅಲ್ಲೊಂದು ಶಿಶುಪಾಲನಾ ಕೇಂದ್ರ (ಮರಾಠಿಯಲ್ಲಿ ಪಾಳಣಾಘರ) ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದು 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ವಿಧಿಸಿತು. ಇನ್ನೊಂದು ಬದಿಗೆ ಅಂಥದ್ದೇ ಮತ್ತೊಂದು ಕಟ್ಟಡ ಇನ್ನೂ ಮೇಲೇಳುತ್ತಿದೆ. ಅಲ್ಲಿ ಸಿಮೆಂಟು ಹೊರುವ ತಾಯಿ ತನ್ನ ಕೂಸನ್ನು ಎರಡು ಕಂಬಗಳ ನಡುವೆ ಹಳೆಯ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಾಳೆ, ಇಲ್ಲವೇ ಎಂಟು ವರ್ಷದ ಹಿರಿಮಗಳ ಸೊಂಟಕ್ಕೆ ಏರಿಸಿ ಹೋಗುತ್ತಾಳೆ.

ಕಟ್ಟಡ ಕಾರ್ಮಿಕರಿಗೆ ಇಂಥ ಕಾನೂನು ಇರಲಿಲ್ಲವೆಂದಲ್ಲ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯ 35ನೇ ಕಲಮು ಆರು ವರ್ಷದೊಳಗಿನ ಮಕ್ಕಳಿಗಾಗಿ ಕೋಣೆಯನ್ನೂ ಅವರನ್ನು ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸನ್ನೂ ಒದಗಿಸಬೇಕೆಂದು ಹೇಳಿತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳು ಇರುವ ಜಾಗಕ್ಕೆ. ಎರಡು ಕಾನೂನುಗಳಲ್ಲೂ ಇದ್ದ ಸಂಖ್ಯೆ ಐವತ್ತೇ. ಕಂಪನಿಯೊಳಗೆ ಗಂಡಸರನ್ನೂ ಸೇರಿಸಿ ಎಣಿಸಲಾಗುತ್ತದೆ, ಏಕೆಂದರೆ ಕೂಸಿಗೆ ಅಪ್ಪನೂ ಇದ್ದಾನೆ ಎಂಬುದನ್ನು ಆ ಕಾನೂನು ಒಪ್ಪಿಕೊಂಡಿದೆ. ಕಟ್ಟಡದ ಕೆಲಸದಲ್ಲಿ ಮಾತ್ರ ಹೆಂಗಸರನ್ನಷ್ಟೇ ಎಣಿಸಲಾಯಿತು. ಹಾಗೆ ಎಣಿಸಲು ಹೊರಟರೆ ಐವತ್ತು ತಲುಪುವುದು ಎಷ್ಟು ಕಷ್ಟವೆಂಬುದು ಆ ಕೆಲಸದ ಒಳಗಿನ ವ್ಯವಸ್ಥೆ ಬಲ್ಲವರಿಗೆ ಗೊತ್ತು. ಸೆಂಟ್ರಿಂಗ್ ಒಬ್ಬ ಠೇಕೇದಾರನದು, ಗಿಲಾವು ಇನ್ನೊಬ್ಬನದು, ಟೈಲ್ಸ್ ಮತ್ತೊಬ್ಬನದು; ಪ್ರತಿಯೊಬ್ಬನ ಹತ್ತಿರ ಏಳೆಂಟು ಹೆಂಗಸರು. ಅವರಲ್ಲಿಯೂ ಅನೇಕರು ಗಂಡಹೆಂಡಿರ ಜೋಡಿಯಾಗಿ, ಆಳುಗಳನ್ನು ಕರೆತರುವ ಮುಕಾದಮನಿಂದ ಉಚ್ಚಲು, ಅಂದರೆ ಮುಂಗಡ ಹಣ, ಪಡೆದು ಬಂದವರಾದ್ದರಿಂದ ಪುಸ್ತಕದಲ್ಲಿ ಬೀಳುವುದು ಗಂಡನ ಹೆಸರು ಮಾತ್ರ. ನೂರಾರು ಜನ ದುಡಿಯುವ ಜಾಗದಲ್ಲಿ ಕಾನೂನಿನ ಕಣ್ಣಿಗೆ ಬೀಳುವ ತಾಯಿ ಒಬ್ಬಳೂ ಇಲ್ಲದಿರುವುದು ಹೀಗೆ ಸಾಧ್ಯವಾಗುತ್ತದೆ.

ಸೋವಿ, ಹಣ ಕಡಿಮೆ ಇರುವವರ ಕೈಗೆಟುಕುವ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಿಶುಪಾಲನೆ ಬೇಕೆಂಬ ಬೇಡಿಕೆಯನ್ನು ಕೆಳಮಟ್ಟದಿಂದ ಎತ್ತುತ್ತಿರುವವರ ಮುಂದಿರುವ ಮೊದಲ ತೊಡಕು ಹಣದ್ದಲ್ಲ, ಈ ಎಣಿಕೆಯದು ಎಂಬುದು ನನ್ನ ವಾದ. ಮಾಲೀಕನ ಬಳಿ ಎಷ್ಟು ಹೆಂಗಸರಿದ್ದಾರೆ ಎಂದು ಎಣಿಸುವವರೆಗೆ ಮಾಲೀಕನೇ ಇಲ್ಲದವರ ಮಕ್ಕಳು ಲೆಕ್ಕಕ್ಕೆ ಬರುವುದಿಲ್ಲ. ಪುಣೆಯಲ್ಲಿ ಅಂಥವರ ಸಂಖ್ಯೆ ಸಣ್ಣದಲ್ಲ. ದಿನಗೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ವಾರಜೆಯಂಥ ನಾಕಾಗಳಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಿಲ್ಲುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಹೆಂಗಸರಿಗೆ ಇವತ್ತಿನ ಮಾಲೀಕ ನಾಳೆ ಇರುವುದಿಲ್ಲ. ನಾಲ್ಕು ಮನೆಯ ಮುಸುರೆ ತಿಕ್ಕುವವಳಿಗೆ ನಾಲ್ವರು ಮಾಲೀಕರಿದ್ದಾರೆ, ನಾಲ್ವರಲ್ಲಿ ಯಾರೂ ಐವತ್ತು ಜನರನ್ನು ಇಟ್ಟುಕೊಂಡವರಲ್ಲ. ಅಲ್ಲಿಗೆ ಮುಗಿಯಿತು. ಸಾಲದ್ದಕ್ಕೆ, ಕೂಸನ್ನು ಬಗಲಲ್ಲಿಟ್ಟುಕೊಂಡು ನಾಕಾದಲ್ಲಿ ನಿಂತವಳನ್ನು ಕೊನೆಗೆ ಕರೆಯುತ್ತಾರೆ, ಇಲ್ಲವೇ ಕರೆಯುವುದೇ ಇಲ್ಲ.

ಹೀಗೆಂದ ಮಾತ್ರಕ್ಕೆ ಮಾಲೀಕನಿಲ್ಲದವರಿಗೆ ಹಕ್ಕೂ ಇಲ್ಲವೆಂದು ಪುಣೆ ಯಾವಾಗಲೂ ಕೈತೊಳೆದುಕೊಂಡಿಲ್ಲ. 1993ರಲ್ಲಿ ಇಲ್ಲಿಯ ಚಿಂದಿ ಆಯುವ ಹೆಂಗಸರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘಟನೆ ಕಟ್ಟಿಕೊಂಡರು. ಅವರಿಗೂ ಮಾಲೀಕರಿರಲಿಲ್ಲ. ತಾವು ಆರಿಸುವ ಕಸದಿಂದ ನಗರಕ್ಕೆ ಎಷ್ಟು ಉಳಿತಾಯವಾಗುತ್ತದೆ ಎಂಬ ಲೆಕ್ಕವನ್ನು ಮುಂದಿಟ್ಟು, ಮಹಾನಗರ ಪಾಲಿಕೆಯ ಗುರುತಿನ ಚೀಟಿಯನ್ನೂ ಪಾಲಿಕೆಯೇ ಕಂತು ಕಟ್ಟುವ ಆರೋಗ್ಯ ವಿಮೆಯನ್ನೂ ಅವರು ಪಡೆದುಕೊಂಡರು. ಯಾರ ಕೈಕೆಳಗೆ ದುಡಿಯುತ್ತೀರಿ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಯಾವ ಊರಿಗಾಗಿ ದುಡಿಯುತ್ತೀರಿ ಎಂಬ ಪ್ರಶ್ನೆಯನ್ನು ನಿಲ್ಲಿಸಿದ್ದೇ ಆ ಹೋರಾಟದ ಜಾಣತನ.

ಶಿಶುಪಾಲನೆಯ ವಿಷಯದಲ್ಲಿ ಇದೇ ಬಗೆಯ ತಿರುವು ಒಮ್ಮೆ ಸುಪ್ರೀಂ ಕೋರ್ಟಿನಲ್ಲಿಯೂ ಬಂದಿತ್ತು. ಆಹಾರದ ಹಕ್ಕಿನ ಪ್ರಕರಣವೆಂದು ಹೆಸರಾದ, 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ 2006ರ ಡಿಸೆಂಬರ್ 13ರಂದು ನ್ಯಾಯಾಲಯವು ದೇಶದಲ್ಲಿ ಅಂಗನವಾಡಿಗಳ ಸಂಖ್ಯೆಯನ್ನು 14 ಲಕ್ಷಕ್ಕೆ ಏರಿಸಬೇಕೆಂದು ಆದೇಶಿಸಿತು. ಅದರ ಜೊತೆಗೇ ಇದ್ದ ಇನ್ನೊಂದು ಮಾತನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ: ಹಳ್ಳಿಯೇ ಇರಲಿ, ಕೊಳೆಗೇರಿಯೇ ಇರಲಿ, ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಅಲ್ಲಿಯ ಜನ ಕೇಳಿದ ಮೂರು ತಿಂಗಳೊಳಗೆ ಅದನ್ನು ಕೊಡಬೇಕು. ಇಲ್ಲಿ ಎಣಿಸಬೇಕಾದದ್ದು ಆಳುಗಳನ್ನಲ್ಲ, ಮಕ್ಕಳನ್ನು. ಅಪ್ಪ ಯಾರ ಹತ್ತಿರ ದುಡಿಯುತ್ತಾನೆ, ಅವ್ವನ ಹೆಸರು ಯಾವ ಮಸ್ಟರಿನಲ್ಲಿದೆ, ರೇಷನ್ ಕಾರ್ಡು ಯಾವ ರಾಜ್ಯದ್ದು ಎಂಬ ಯಾವ ಪ್ರಶ್ನೆಯೂ ಈ ಎಣಿಕೆಗೆ ಬೇಕಿಲ್ಲ. ನಲವತ್ತು ಎಣಿಸಲು ವಕೀಲರೂ ಬೇಕಿಲ್ಲ. ಅಕ್ಷರ ಬಲ್ಲ ಹುಡುಗಿಯೊಬ್ಬಳು ನೋಟುಬುಕ್ಕು ಹಿಡಿದು ಒಂದು ಮಧ್ಯಾಹ್ನ ಶೆಡ್ಡಿನಿಂದ ಶೆಡ್ಡಿಗೆ ಹೋದರೆ ಸಾಕು.

ಹಾಗಿದ್ದೂ ಕೆಲಸ ಏಕೆ ಆಗುವುದಿಲ್ಲ? ಕಾರಣಗಳಲ್ಲಿ ಒಂದು, ಗುಳೆ ಬಂದವರ ಮಕ್ಕಳು ಕಾಗದದ ಮೇಲೆ ಎರಡು ಊರಿನವರಾಗಿರುವುದು. ಆಧಾರಿನ ವಿಳಾಸ ಸಿಂದಗಿಯದೋ ಶಹಾಪುರದ್ದೋ ಆಗಿರುತ್ತದೆ. ಕೂಸಿನ ತೂಕ, ಎತ್ತರ ಬರೆದಿಡುವ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನಲ್ಲಿ ಅದು ಊರಿನ ಅಂಗನವಾಡಿಯ ಮಗುವಾಗಿಯೇ ಉಳಿದಿರುತ್ತದೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ಅನುಕೂಲ ಆ ಆ್ಯಪಿನಲ್ಲಿದೆ. ಆದರೆ ಅದನ್ನು ಕೇಳಬೇಕೆಂಬುದು ತಾಯಿಗೆ ತಿಳಿದಿರಬೇಕು, ತಿಳಿದರೂ ಮರಾಠಿಯಲ್ಲಿ ಕೇಳಲು ಬರಬೇಕು. ವಲಸೆ ಬಂದ ಮಗುವಿಗೂ ಅಂಗನವಾಡಿಯ ಬಾಗಿಲು ತೆರೆದಿರಬೇಕೆಂಬುದು ನಿಯಮ. ಬಾಗಿಲಿಗೆ ಹೋಗಿ ನಿಂತವರ ಭಾಷೆ ಬೇರೆಯಾದಾಗ ನಿಯಮ ಬಾಯಿ ಬಿಡುವುದಿಲ್ಲ. ಪುಣೆಯಲ್ಲಿ ನಮ್ಮ ಕನ್ನಡ ಸಂಘಸಂಸ್ಥೆಗಳು ದಶಕಗಳಿಂದ ಇವೆ, ಶಾಲೆಗಳನ್ನೂ ನಡೆಸುತ್ತಿವೆ. ರಾಜ್ಯೋತ್ಸವದ ವೇದಿಕೆಗೆ ಬೇಕಾಗುವ ಶ್ರಮದ ಹತ್ತನೇ ಒಂದು ಪಾಲು ಈ ನೋಟುಬುಕ್ಕಿನ ಕೆಲಸಕ್ಕೆ ಸಿಕ್ಕರೂ ಎಷ್ಟೋ ವಸ್ತಿಗಳಲ್ಲಿ, ಅಂದರೆ ಬಡವರ ಬಿಡಾರಗಳಲ್ಲಿ, ಅರ್ಜಿ ಕೊಡಬಹುದು ಎಂದು ಅನಿಸದೆ ಇರುವುದಿಲ್ಲ.

ಎರಡನೆಯ ಕಾರಣ ಇದಕ್ಕಿಂತ ಆಳವಾದದ್ದು. ಅಂಗನವಾಡಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದು ದುಡಿಯುವ ತಾಯಿಯ ಕೆಲಸಕ್ಕೆ ಬರುತ್ತದೆಯೇ? ಈ ಪದವೇ ಮಹಾರಾಷ್ಟ್ರದ ನೆಲದಿಂದ ಬಂದದ್ದು. 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿ ಆರಂಭಿಸಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು, ಹರಿಜನವಾಡಗಳ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಆ ಮಕ್ಕಳ ಅಂಗಳಕ್ಕೆ ಒಯ್ದರು. ಮಗು ಎಲ್ಲಿದೆಯೋ ಅಲ್ಲಿಗೆ ಹೋಗಬೇಕೆಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇದೆ. 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆ ಹೆಸರನ್ನು ದೇಶದ ತುಂಬ ಹರಡಿತು, ಆದರೆ ತಾಯಿ ಮನೆಯಲ್ಲಿದ್ದಾಳೆ ಎಂಬ ಊಹೆಯ ಮೇಲೆ ಕಟ್ಟಿಕೊಂಡಿತು. ಬೆಳಿಗ್ಗೆ ನಾಲ್ಕೈದು ಗಂಟೆ ನಡೆದು ಮಧ್ಯಾಹ್ನದೊಳಗೆ ಮುಚ್ಚುವ ಕೇಂದ್ರಕ್ಕೆ ಮಗುವನ್ನು ಕರೆತರುವವರು ಬೇಕು, ಕರೆದೊಯ್ಯುವವರೂ ಬೇಕು. ಎಂಟರಿಂದ ಆರರವರೆಗೆ ಸ್ಲ್ಯಾಬಿನ ಮೇಲಿರುವವಳಿಗೆ ಅದೂ ಒಂದು ಹೆಚ್ಚುವರಿ ಕೆಲಸ.

ಮೂರು ವರ್ಷದೊಳಗಿನ ಮಗುವಿಗಂತೂ ಅಲ್ಲಿ ಕೂರಲು ಜಾಗವೇ ಇಲ್ಲ. ಮೂರರಿಂದ ಆರು ವರ್ಷದವರಿಗೆ ಬಿಸಿ ಊಟ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಪೊಟ್ಟಣ ಎಂಬುದು ವ್ಯವಸ್ಥೆ. ಹತ್ತು ತಿಂಗಳ ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟೇ ಇರುತ್ತದೆ. ಅದು ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪವೇ, ಯಾರಾದರೂ ಕೂತು ತಿನ್ನಿಸಿದರೆ ಮಾತ್ರ ತಿನ್ನುತ್ತದೆ. ಪೊಟ್ಟಣ ಮನೆಯಲ್ಲಿದ್ದು ತಿನ್ನಿಸುವ ಕೈ ಕಟ್ಟಡದ ಮೇಲಿದ್ದರೆ ಪೌಷ್ಟಿಕತೆಯ ಅಂಕಿಅಂಶ ಸುಧಾರಿಸುವುದು ಹೇಗೆ? ಶಿಶುಪಾಲನಾ ಕೇಂದ್ರವನ್ನು ಹೆಂಗಸರ ಉದ್ಯೋಗದ ಪ್ರಶ್ನೆಯಾಗಿಯಷ್ಟೇ ಮಂಡಿಸುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ನನಗೆ ಇದೇ ಅತ್ಯಂತ ಬಲವಾದ ವಾದವೆನಿಸುತ್ತದೆ. ಸಂವಿಧಾನವೂ ಈ ವಯಸ್ಸಿನವರನ್ನು ಅರ್ಧ ದಾರಿಯಲ್ಲಿ ಬಿಟ್ಟಿದೆ. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು, ಆರರ ಒಳಗಿನವರ ಆರೈಕೆಯನ್ನು 45ನೇ ವಿಧಿಯಲ್ಲಿ ಸರ್ಕಾರ ‘ಪ್ರಯತ್ನಿಸಬೇಕಾದ’ ಸಂಗತಿಯಾಗಿ ಉಳಿಸಿತು.

ಈ ಬಿರುಕನ್ನು ಮೊದಲು ಗುರುತಿಸಿದವರು ಸರ್ಕಾರದವರಲ್ಲ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುತ್ತಿದ್ದಲ್ಲಿ ಮಕ್ಕಳು ಧೂಳಿನಲ್ಲಿ ಬಿದ್ದಿದ್ದನ್ನು ಕಂಡ ಮೀರಾ ಮಹಾದೇವನ್ ಒಂದು ಡೇರೆ ಹಾಕಿಸಿ ಮೊಬೈಲ್ ಕ್ರೆಷ್ ಆರಂಭಿಸಿದರು. ಅದು 1972ರಲ್ಲಿ ಮುಂಬಯಿಗೂ ನಂತರ ಪುಣೆಗೂ ಬಂತು. ಪುಣೆಯ ಶಾಖೆ ಇಂದು ತಾರಾ ಮೊಬೈಲ್ ಕ್ರೆಷಸ್ ಎಂಬ ಹೆಸರಿನಲ್ಲಿ ಸ್ವತಂತ್ರವಾಗಿ ನಡೆಯುತ್ತಿದೆ. ಬಿಲ್ಡರನು ಜಾಗ, ನೀರು, ವಿದ್ಯುತ್ತು ಮತ್ತು ಖರ್ಚಿನ ಒಂದು ಪಾಲು ಕೊಡುತ್ತಾನೆ, ಸಂಸ್ಥೆ ಹಸುಗೂಸಿನಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ನೋಡಿಕೊಳ್ಳುತ್ತದೆ. ಸಾವಿರಾರು ಮಕ್ಕಳ ಬಾಲ್ಯವನ್ನು ಈ ಮಾದರಿ ಉಳಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ನಿಂತಿರುವುದು ಬಿಲ್ಡರನ ಒಪ್ಪಿಗೆಯ ಮೇಲೆ, ಮತ್ತು ಕಟ್ಟಡ ಮುಗಿದ ದಿನ ಅಲ್ಲಿಂದ ಎದ್ದು ಹೋಗುತ್ತದೆ. ಈ ಮಿತಿಯನ್ನು ಆ ಕೆಲಸದಲ್ಲಿದ್ದವರೇ ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದರಿಂದಲೇ, ಅಸಂಘಟಿತ ವಲಯದ ಹೆಂಗಸರ ಬಗ್ಗೆ ಇಳಾ ಭಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಆಯೋಗದ 1988ರ ಶ್ರಮಶಕ್ತಿ ವರದಿ ಬಂದ ಮರುವರ್ಷ, ಶಿಶುಪಾಲನೆಯನ್ನು ಹಕ್ಕಾಗಿ ಕೇಳುವ ಫೋರ್ಸಸ್ ಎಂಬ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು.

ಸರ್ಕಾರದ ಸ್ವಂತ ಯೋಜನೆಯ ಕಥೆ ಅಷ್ಟೇನೂ ಹೆಮ್ಮೆಯದಲ್ಲ. 2006ರಲ್ಲಿ ರಾಜೀವ್ ಗಾಂಧಿಯವರ ಹೆಸರಿನಲ್ಲಿ ಶುರುವಾಗಿ ಮುಂದೆ ರಾಷ್ಟ್ರೀಯ ಕ್ರೆಷ್ ಯೋಜನೆಯಾದ ಕಾರ್ಯಕ್ರಮದಲ್ಲಿ ಒಂದು ಕಾಲಕ್ಕೆ 20 ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಬಡತನ ರೇಖೆಯ ಕೆಳಗಿನ ಕುಟುಂಬದಿಂದ ತಿಂಗಳಿಗೆ 20 ರೂಪಾಯಿ ಪಡೆಯುತ್ತಿದ್ದ ಈ ಕೇಂದ್ರಗಳು, 2017ರಲ್ಲಿ ಖರ್ಚನ್ನು ಕೇಂದ್ರ, ರಾಜ್ಯ ಮತ್ತು ಸ್ವಯಂಸೇವಾ ಸಂಸ್ಥೆಗಳ ನಡುವೆ 60:30:10ರಂತೆ ಹಂಚಿದ ಮೇಲೆ ಒಂದೊಂದಾಗಿ ಮುಚ್ಚುತ್ತ ಹೋಗಿ, 2019-20ರ ಹೊತ್ತಿಗೆ ಏಳು ಸಾವಿರಕ್ಕಿಂತ ಕೆಳಗಿಳಿದವು. ಈಗಿರುವುದು ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಕಾರ್ಯಕ್ರಮದ ಅಡಿಯ ‘ಪಾಲನಾ’ ಯೋಜನೆ. ಅಂಗನವಾಡಿಗೆ ಶಿಶುಪಾಲನಾ ಕೇಂದ್ರವನ್ನು ಸೇರಿಸಿ ಅಂಥ 17,000 ಕೇಂದ್ರಗಳನ್ನು ತೆರೆಯುವುದು, ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳನ್ನು ದಿನಕ್ಕೆ ಏಳೂವರೆ ಗಂಟೆ ನೋಡಿಕೊಳ್ಳುವುದು ಅದರ ಗುರಿ. 14 ಲಕ್ಷದಷ್ಟು ಅಂಗನವಾಡಿಗಳಿರುವ ದೇಶದಲ್ಲಿ ಹದಿನೇಳು ಸಾವಿರವೆಂದರೆ ನೂರಕ್ಕೆ ಸುಮಾರು ಒಂದೂಕಾಲು ಮಾತ್ರ. ಆದರೂ ಯೋಜನೆಯ ರೂಪ ಸರಿಯಾಗಿದೆ: ಪೂರ್ಣ ದಿನ, ಹಸುಗೂಸಿಗೂ ಜಾಗ, ಮತ್ತು ಪಕ್ಕಕ್ಕೆ ನಿಲ್ಲಿಸುವ ಬದಲು ಈಗಾಗಲೇ ಇರುವ ಅಂಗನವಾಡಿಯ ಬೆನ್ನಿಗೇ ಕಟ್ಟಿರುವುದು. ಪ್ರಸ್ತಾವ ಕಳುಹಿಸಬೇಕಾದದ್ದು ರಾಜ್ಯ ಸರ್ಕಾರ. ಆದ್ದರಿಂದ ವಸ್ತಿಯ ಅರ್ಜಿಯಲ್ಲಿ ‘ಅಂಗನವಾಡಿ ಬೇಕು’ ಎಂದಷ್ಟೇ ಬರೆಯದೆ ‘ಪಾಳಣಾಘರ ಸಹಿತ ಅಂಗನವಾಡಿ ಬೇಕು’ ಎಂದು ಬರೆಯುವುದು ಲೇಸು. ಒಂದೆರಡು ಪದಗಳ ವ್ಯತ್ಯಾಸವಾದರೂ ಅದು ಕೇಳುತ್ತಿರುವುದು ಬೇರೆಯೇ ವಸ್ತುವನ್ನು.

ದುಡ್ಡೆಲ್ಲಿದೆ ಎಂಬ ಪ್ರಶ್ನೆಗೆ ಕಟ್ಟಡ ಕಾರ್ಮಿಕರ ಮಟ್ಟಿಗಾದರೂ ಉತ್ತರ ಸಿದ್ಧವಿದೆ. ನಿರ್ಮಾಣ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸೆಸ್ ವಸೂಲಾಗಿ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ನೂರು ಕೋಟಿಯ ಯೋಜನೆಯೊಂದರಿಂದ ಒಂದು ಕೋಟಿ. ಈ ಹಣ ಖರ್ಚಾಗದೆ ರಾಶಿ ಬಿದ್ದಿದೆ ಎಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಕಟುವಾಗಿ ಹೇಳಿತು. ಕಾರ್ಮಿಕರಿಗಾಗಿ ಕಲ್ಯಾಣ ಸೌಲಭ್ಯ ನಡೆಸುವ ಸ್ಥಳೀಯ ಸಂಸ್ಥೆಗೆ ಅನುದಾನ ಕೊಡುವ ಅಧಿಕಾರವನ್ನು 1996ರ ಕಾಯ್ದೆಯೇ ಮಂಡಳಿಗೆ ಕೊಟ್ಟಿತ್ತು. ಆದರೆ ಮಂಡಳಿಯಿಂದ ಲಾಭ ಪಡೆಯಲು ಹೆಸರು ನೋಂದಾಯಿಸಬೇಕು, ನೋಂದಾಯಿಸಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ನಾಕಾದಿಂದ ದಿನಕ್ಕೊಬ್ಬರ ಹಿಂದೆ ಹೋಗುವವಳಿಗೆ ಅದನ್ನು ಬರೆದುಕೊಡುವವರು ಸಿಗುವುದು ಕಷ್ಟ. ಇಲ್ಲಿಯೂ ತಾಯಿಯ ನೋಂದಣಿಯ ಹಂಗಿಲ್ಲದೆ, ವಸ್ತಿಯ ಮಕ್ಕಳ ಲೆಕ್ಕದ ಮೇಲೆ ಪಾಲಿಕೆಗೆ ಹಣ ಹರಿಯಲಿ ಎಂದು ಕೇಳುವುದೇ ನೇರವಾದ ದಾರಿ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹಿಂದಿನ ಎಣಿಕೆಯನ್ನು ಭಾಗಶಃ ಬದಲಿಸಿವೆ. ಹೆಂಗಸರ ಸಂಖ್ಯೆಯ ಬದಲು ಈಗ ಒಟ್ಟು ಐವತ್ತು ಕಾರ್ಮಿಕರ ಲೆಕ್ಕ. ಕಟ್ಟಡದವರಿಗೆ ಇದು ಒಳ್ಳೆಯದೇ. ಆದರೆ ಕಾಯ್ದೆಯಲ್ಲಿ ‘ಒದಗಿಸತಕ್ಕದ್ದು’ ಎಂದಿದ್ದದ್ದು ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸರ್ಕಾರ ‘ನಿಯಮ ಮಾಡಬಹುದು’ ಎಂದಾಗಿದೆ, ಹಾಗಾಗಿ ನಿಯಮಗಳು ಹೇಗೆ ಬರುತ್ತವೆ, ಅವನ್ನು ಜಾರಿ ಮಾಡುವವರು ಯಾರು ಎಂಬುದನ್ನು ಕಾದು ನೋಡಬೇಕು. ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ ಇನ್ನೊಂದು ಉಪಯುಕ್ತ ಮಾತಿದೆ: ಮಾಲೀಕರು ತಮ್ಮ ತಮ್ಮಲ್ಲೇ ಕೇಂದ್ರ ನಡೆಸದೆ ಸರ್ಕಾರದ ಅಥವಾ ಪುರಸಭೆಯ ಸಾಮಾನ್ಯ ಶಿಶುಪಾಲನಾ ಕೇಂದ್ರವನ್ನು ಬಳಸಿಕೊಳ್ಳಬಹುದು. ಮಾಲೀಕರ ಅನುಕೂಲಕ್ಕೆಂದು ಬರೆದ ಈ ಸಾಲನ್ನು ತಾಯಂದಿರ ಕಡೆಗೂ ತಿರುಗಿಸಬಹುದು. ವಾರ್ಡಿಗೊಂದು ಪಾಲಿಕೆಯ ಪಾಳಣಾಘರವಿದ್ದು, ದೊಡ್ಡ ಮಾಲೀಕರು ತಮ್ಮ ಪಾಲಿನ ಹಣ ಕಟ್ಟಿದರೆ, ಮಾಲೀಕನಿಲ್ಲದವರ ಮಕ್ಕಳೂ ಅದೇ ಕೋಣೆಯಲ್ಲಿ ಕೂರಬಹುದು.

ಆ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಮಾತು ಬಂದಾಗ ಬೇಡಿಕೆ ಎತ್ತುವವರು ಎಚ್ಚರವಾಗಿರಬೇಕು. ಅಂಗನವಾಡಿ ಸೇವಿಕೆಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಗೌರವಧನ 2018ರಿಂದ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಉಳಿದದ್ದು ರಾಜ್ಯಗಳ ಔದಾರ್ಯ. ಮಹಾರಾಷ್ಟ್ರದಲ್ಲಿ ಎಲ್ಲ ಸೇರಿ ಸೇವಿಕೆಗೆ 10,000 ರೂಪಾಯಿ ಸಿಗುತ್ತಿದ್ದಾಗ, 2023ರ ಡಿಸೆಂಬರ್ 4ರಿಂದ ಅವರು ಮುಷ್ಕರ ಹೂಡಿ ಏಳು ವಾರ ಕೆಲಸ ನಿಲ್ಲಿಸಿದರು. ಅವರು ಸ್ವಯಂಸೇವಕಿಯರಲ್ಲ, ಗ್ರ್ಯಾಚುಟಿಗೆ ಅರ್ಹರಾದ ಕೆಲಸಗಾರರು ಎಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಾಗಿತ್ತು, ಆದರೂ ‘ಗೌರವಧನ’ ಎಂಬ ಹೆಸರು ಹೋಗಿಲ್ಲ. ತಾಯಂದಿರು ‘ಹೆಚ್ಚು ಹೊತ್ತು ತೆರೆದಿಡಿ’ ಎಂದು ಕೇಳಿ, ಸರ್ಕಾರ ಅದೇ ಸಂಬಳಕ್ಕೆ ಅದೇ ಸೇವಿಕೆಯ ತಲೆಗೆ ಮೂರು ಗಂಟೆ ಹೆಚ್ಚು ಹಾಕಿದರೆ ಬಡ ಹೆಂಗಸರ ಎರಡು ಗುಂಪುಗಳು ಒಂದಕ್ಕೊಂದು ಎದುರಾಗುತ್ತವೆ, ಮೇಲಿನವರು ನಿಶ್ಚಿಂತೆಯಿಂದ ಇರುತ್ತಾರೆ. ಮನೆಯೊಳಗೂ ನಡೆಯುವುದು ಇದೇ. 2024ರ ಕಾಲಬಳಕೆ ಸಮೀಕ್ಷೆಯಂತೆ ಮನೆಯವರ ಆರೈಕೆಯಲ್ಲಿ ತೊಡಗುವ ಹೆಂಗಸರು ದಿನಕ್ಕೆ 137 ನಿಮಿಷ, ಗಂಡಸರು 75 ನಿಮಿಷ ಕಳೆಯುತ್ತಾರೆ, ಸಂಬಳವಿಲ್ಲದ ಮನೆಗೆಲಸದಲ್ಲಿ 289ಕ್ಕೆ 88. ಪುಕ್ಕಟೆ ಸಿಗುವ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸುವಾಗಲೂ ಅಗ್ಗವಾಗಿಯೇ ಪಡೆಯಬೇಕೆಂಬ ರೂಢಿ ಸರ್ಕಾರಕ್ಕೂ ಅಂಟಿದೆ.

ಊರಲ್ಲೇ ಉಳಿದವರಿಗೆ ಈಚೆಗೆ ಬೇರೊಂದು ಅನುಭವವಿದೆ. ಕರ್ನಾಟಕ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಅದೇ ಊರಿನ ತರಬೇತಿ ಪಡೆದ ಹೆಂಗಸರು ನೋಡಿಕೊಳ್ಳುತ್ತಾರೆ. ಅದನ್ನು ಕಂಡು ಬಂದ ತಾಯಿ ಪುಣೆಯಲ್ಲಿ ಅದನ್ನೇ ಕೇಳಿದರೆ ಅದು ದೊಡ್ಡ ಬೇಡಿಕೆಯಲ್ಲ, ತನ್ನ ಪಂಚಾಯಿತಿಯಲ್ಲಿ ಕಂಡದ್ದನ್ನು ಇಷ್ಟು ದೊಡ್ಡ ನಗರ ಏಕೆ ಕೊಡುತ್ತಿಲ್ಲ ಎಂಬ ಸರಳ ಪ್ರಶ್ನೆ.

ಇದನ್ನು ಯಾರ ಮುಂದೆ ಕೇಳಬೇಕೆಂಬುದೂ ಕೆಲವು ಕಾಲ ತಿಳಿಯದಂತಾಗಿತ್ತು. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಪುಣೆ ಮಹಾನಗರ ಪಾಲಿಕೆಗೆ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ಸುಮಾರು ನಾಲ್ಕು ವರ್ಷ ವಸ್ತಿಯ ಹೆಂಗಸರು ನಿವೇದನ, ಅಂದರೆ ಮನವಿ, ಹಿಡಿದು ಹೋಗಲು ನಗರಸೇವಕರೇ (ಪಾಲಿಕೆಯ ಸದಸ್ಯರೇ) ಇರಲಿಲ್ಲ. ಈಗ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಯಾದಗಿರಿಯ ಮತದಾರಳ ಕೂಸು ಮತವಲ್ಲ ಎಂಬುದು ನಿಜ, ಅದಕ್ಕಾಗಿಯೇ ಅರ್ಜಿಯ ಒಂದು ಪ್ರತಿ ನಗರಸೇವಕರಿಗೂ ಇನ್ನೊಂದು ಬಾಲವಿಕಾಸ ಯೋಜನಾಧಿಕಾರಿಗೂ ಹೋಗಬೇಕು, ಎರಡರ ಮೇಲೂ ತಲುಪಿದ ಮುದ್ರೆ, ತಾರೀಖು ಬೀಳಬೇಕು. ಮೂರು ತಿಂಗಳ ಗಡುವು ಎಣಿಸಲು ಶುರುವಾಗುವುದು ಆ ತಾರೀಖಿನಿಂದ. ಮುಂಗಾರಿನ ಬಿತ್ತನೆಗೆ ಅರ್ಧ ವಸ್ತಿ ಊರಿಗೆ ಮರಳಿರುತ್ತದೆ, ಆಗ ಎಣಿಸಲು ಹೋದರೆ ಸಂಖ್ಯೆ ನಲವತ್ತಕ್ಕೆ ಏರುವುದಿಲ್ಲ. ದೀಪಾವಳಿ ಮುಗಿಸಿ ಎಲ್ಲರೂ ಸೊಲ್ಲಾಪುರದ ಮೇಲಿನ ರೈಲು ಹಿಡಿದು ಬಂದ ಮೇಲೆ ಪಟ್ಟಿ ಬರೆಯಬೇಕು, ಯುಗಾದಿಗೆ ಅವರು ಮತ್ತೆ ಹೊರಡುವ ಮುಂಚೆ ಉತ್ತರ ತರಿಸಬೇಕು.